ಮೊದಲು ಬೀಗದ ಕೈ ಕೊಡಿ: ವರ್ಷಗಟ್ಟಲೆ ಬೀದಿಯಲ್ಲಿ ಮಲಗಿದವರಿಗೆ ಮನೆ ಮಾಡಿಕೊಡುವುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಪೇಟೆಯಲ್ಲಿ ಒಬ್ಬರು ಅಜ್ಜ ಇದ್ದರು. ರಾತ್ರಿ ಅಂಗಡಿಗಳ ಶಟರ್ ಇಳಿದ ಮೇಲೆ ಮೆಟ್ಟಿಲ ಮೇಲೆ ಗೋಣಿ ಹಾಸಿ ಮಲಗುತ್ತಿದ್ದರು. ಏಳೆಂಟು ವರ್ಷದಿಂದ ಅಲ್ಲೇ ಇದ್ದಾರೆ ಅಂತ ಚಾ ಅಂಗಡಿಯವರು ಹೇಳುತ್ತಿದ್ದರು. ಒಂದು ಆಟಿ ತಿಂಗಳಲ್ಲಿ, ಬಿಡದೆ ಮಳೆ ಸುರಿಯುತ್ತಿದ್ದಾಗ, ಅವರ ಕಾಲು ಊದಿ ಹುಣ್ಣಾಗಿದ್ದನ್ನು ನೋಡಿ ನಾವು ಮೂವರು ಗೆಳೆಯರು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡ್ರೆಸ್ಸಿಂಗ್ ಮಾಡಿಸಿ, ಅಲ್ಲಿಂದ ಒಂದು ಆಶ್ರಯ ಕೇಂದ್ರಕ್ಕೆ ಹೋದೆವು. ಗೇಟಿನಲ್ಲೇ ಮೂರು ಪ್ರಶ್ನೆ. ಕುಡೀತಾರಾ? ಆಧಾರ್ ಇದೆಯಾ? ಮನೆಯವರು ಯಾರು? ಅಜ್ಜನ ಬಾಯಲ್ಲಿ ಕಳ್ಳಿನ ವಾಸನೆ ಇತ್ತು. "ಮೊದಲು ಕುಡಿತ ಬಿಡಿಸಿ, ಆಮೇಲೆ ಕರ್ಕೊಂಡು ಬನ್ನಿ" ಅಂದರು. ಅದೇ ಆಟೋದಲ್ಲಿ ವಾಪಸ್ ಬಂದೆವು. ರಾತ್ರಿ ಅಜ್ಜನಿಗೆ ಅದೇ ಮೆಟ್ಟಿಲು.

ಆವತ್ತು ತುಂಬಾ ಸಿಟ್ಟು ಬಂತು. ಆದರೆ ಊರೆಲ್ಲ ಹೇಳುವುದೂ ಅದನ್ನೇ ಅಲ್ವಾ. ಮೊದಲು ಸರಿಯಾಗು, ಆಮೇಲೆ ಮನೆ. ಒದ್ದೆ ಗೋಣಿಯ ಮೇಲೆ ನಿದ್ದೆಯಿಲ್ಲದೆ ಬಿದ್ದುಕೊಂಡು, ಮಾತ್ರೆ ಇಡಲು ಒಂದು ಗೂಡೂ ಇಲ್ಲದೆ ಯಾರು ಸರಿಯಾಗುತ್ತಾರೆ? ನಾವು ತಿರುಗಿಸಿ ಮಾಡಿ ನೋಡೋಣ ಅಂದುಕೊಂಡೆವು. ಮೊದಲು ಮನೆ. ಕುಡಿತ, ಔಷಧಿ, ಕಾಗದಪತ್ರ ಎಲ್ಲ ಆ ಮನೆಯೊಳಗೆ ಕೂತು ನಿಧಾನವಾಗಿ ಮಾಡುವ ಕೆಲಸ. ಈಗ ನಮ್ಮದು ಎರಡು ಮನೆ ಇದೆ, ಗಂಡಸರದ್ದೊಂದು, ಹೆಂಗಸರದ್ದೊಂದು, ಒಟ್ಟು ಏಳು ಮಂದಿ. ಬದಿಯಡ್ಕ, ಉಪ್ಪಳ, ಪೆರ್ಲ, ಮುಳ್ಳೇರಿಯ ಎಲ್ಲಿಯೇ ಆಗಲಿ, ಹೀಗೊಂದು ಮನೆ ಮಾಡಬೇಕು ಅಂತ ಮನಸ್ಸಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇದು ನಾವು ಕಂಡುಹಿಡಿದದ್ದಲ್ಲ

1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಬೀದಿಯಲ್ಲಿದ್ದ ಮಾನಸಿಕ ಕಾಯಿಲೆಯವರಿಗೆ ನೇರವಾಗಿ ಬಾಡಿಗೆ ಮನೆ ಕೊಡಿಸಲು ಶುರು ಮಾಡಿದರು. ಕುಡಿತ ಬಿಡಬೇಕು, ಚಿಕಿತ್ಸೆಗೆ ಒಪ್ಪಬೇಕು ಅನ್ನುವ ಶರತ್ತು ಇಲ್ಲ. ಇದಕ್ಕೆ ಹೌಸಿಂಗ್ ಫಸ್ಟ್ ಅಂತ ಹೆಸರು ಬಂತು. ಫಿನ್ಲೆಂಡ್ 2008ರಿಂದ ಇದನ್ನೇ ಸರ್ಕಾರದ ನೀತಿ ಮಾಡಿಕೊಂಡು, ಹಳೆಯ ಹಾಸ್ಟೆಲುಗಳನ್ನೇ ಬಾಡಿಗೆ ಕರಾರಿರುವ ಸಣ್ಣ ಸಣ್ಣ ಮನೆಗಳಾಗಿ ಮಾಡಿತು. ಕೆನಡಾದಲ್ಲಿ 2009ರಿಂದ 2013ರ ತನಕ ಐದು ನಗರಗಳಲ್ಲಿ ಸುಮಾರು 2000 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು. ಅಧ್ಯಯನದ ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲೇ ಉಳಿದವರು, ಶರತ್ತಿಲ್ಲದೆ ಮನೆ ಸಿಕ್ಕಿದ ಗುಂಪಿನಲ್ಲಿ ನೂರಕ್ಕೆ 62 ಮಂದಿ. ಮಾಮೂಲಿ ಸೇವೆಗಳನ್ನೇ ನಂಬಿದ್ದ ಗುಂಪಿನಲ್ಲಿ 31.

ಕುಡಿತದ ವಿಷಯಕ್ಕೆ ಎಲ್ಲರೂ ಹೆದರುತ್ತಾರೆ, ಅದಕ್ಕೆ ಸಿಯಾಟಲ್ ನಗರದ ಸಂಗತಿ ಹೇಳಲೇಬೇಕು. ಅಲ್ಲಿ 2005ರಲ್ಲಿ 75 ಮಂದಿಗೆ ಒಂದು ಕಟ್ಟಡ ತೆರೆದರು. ಎಲ್ಲರೂ ಬೀದಿಯಲ್ಲಿ ವರ್ಷಗಟ್ಟಲೆ ಕುಡಿದು ಬಿದ್ದಿದ್ದವರು. ತಮ್ಮ ರೂಮಿನಲ್ಲಿ ಕುಡಿಯಬಹುದು ಅಂತಲೇ ಹೇಳಿದ್ದರು. ಜಾಸ್ತಿ ಕುಡಿದು ಸಾಯುತ್ತಾರೆ ಅಂತ ಊರವರು ಅಂದುಕೊಂಡಿದ್ದರು. ಆದರೆ ಕುಡಿತ ದಿನಕ್ಕೆ ಸುಮಾರು ಹದಿನೈದು ಹದಿನಾರು ಪೆಗ್ಗಿನಷ್ಟು ಇದ್ದದ್ದು ಒಂದು ವರ್ಷದಲ್ಲಿ ಹತ್ತು ಹನ್ನೊಂದಕ್ಕೆ ಇಳಿಯಿತು. ಯಾರೂ ಬಿಡಿಸಿದ್ದಲ್ಲ. ಛಾವಣಿ ಇತ್ತು, ಸಹಾಯಕ್ಕೆ ಜನ ಇದ್ದರು, ಅಷ್ಟೇ.

ನಮ್ಮ ದೇಶದಲ್ಲೂ ದಾರಿ ತೋರಿಸಿದವರಿದ್ದಾರೆ. 1993ರಲ್ಲಿ ಚೆನ್ನೈಯಲ್ಲಿ ಶುರುವಾದ ಬ್ಯಾನಿಯನ್ ಸಂಸ್ಥೆ, ಹಲವು ವರ್ಷ ದೊಡ್ಡ ಆಶ್ರಯ ಕೇಂದ್ರ ನಡೆಸಿದ ಮೇಲೆ, ನಾಲ್ಕೈದು ಮಂದಿಗೆ ಒಂದೊಂದು ಬಾಡಿಗೆ ಮನೆ ಮಾಡಿ, ಸಾಮಾನ್ಯ ಬೀದಿಗಳಲ್ಲೇ, ಜೊತೆಗೆ ಸಹಾಯಕ್ಕೆ ಒಬ್ಬರನ್ನು ಇಟ್ಟು ನೋಡಿಕೊಳ್ಳುವ ಕ್ರಮ ತಂದಿತು. ಹೋಮ್ ಅಗೇನ್ ಅಂತ ಅದರ ಹೆಸರು. ನಾವು ಅನುಸರಿಸಿದ್ದು ಇದನ್ನೇ. ಐವತ್ತು ಮಂದಿಯ ಹಾಲ್ ಕಟ್ಟಿಸುವ ಶಕ್ತಿ ನಮಗಿಲ್ಲ. ನಾಲ್ಕು ಮಂದಿಗೆ ಬಾಡಿಗೆ ಮನೆ ಹಿಡಿಯುವ ಶಕ್ತಿ ಯಾವ ಊರಿಗೂ ಇದೆ.

ಸರ್ಕಾರ ಮಾಡಲಿ ಅನ್ನುವವರಿಗೆ ಒಂದು ಮಾತು. ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ತಾಣ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯಿಲ್ಲದವರು 17.7 ಲಕ್ಷ ಅಂತ ಲೆಕ್ಕ ಸಿಕ್ಕಿತ್ತು. ಆದರೆ ಕಾಸರಗೋಡು ಜಿಲ್ಲೆಯಲ್ಲಿ ನಗರಸಭೆ ಇರುವುದು ಕಾಸರಗೋಡು, ಕಾಞಂಗಾಡ್, ನೀಲೇಶ್ವರ ಮೂರೇ. ನಮ್ಮ ಕುಂಬಳೆ, ಮಂಜೇಶ್ವರ, ಮಂಗಲ್ಪಾಡಿ ಎಲ್ಲ ಗ್ರಾಮ ಪಂಚಾಯತು. ರೈಲಿನಲ್ಲಿ ಬಂದು ಇಳಿದು ಇಲ್ಲೇ ಉಳಿದುಬಿಟ್ಟವರು ಆ ನಗರಗಳ ಲೆಕ್ಕದೊಳಗೆ ಬರುವುದೇ ಇಲ್ಲ.

ಮನೆ ಹುಡುಕುವುದು

ಊರ ಹೊರಗೆ ಗುಡ್ಡೆಯ ಮೇಲೆ ಕಡಿಮೆ ಬಾಡಿಗೆಗೆ ಮನೆ ಸಿಗುತ್ತದೆ ಅಂತ ಹೋಗಬೇಡಿ. ನಾವು ಮೊದಲು ಮಾಡಿದ ತಪ್ಪು ಅದು. ಒಳ್ಳೆಯ ಹೆಂಚಿನ ಮನೆ, ಸುತ್ತ ಅಡಿಕೆ ತೋಟ, ತಂಪು ಗಾಳಿ. ಬಂದ ಇಬ್ಬರು ಮೂರನೇ ದಿನಕ್ಕೆ ನಡೆದುಕೊಂಡು ಪೇಟೆಗೆ ವಾಪಸ್ ಹೋದರು. ಅವರಿಗೆ ಪೇಟೆಯಲ್ಲಿ ಬಳಗ ಇದೆ. ಬೆಳಿಗ್ಗೆ ಚಾ ಕೊಡುವವರು, ಬೀಡಿ ಕೊಡುವವರು, ಮೀನು ಮಾರ್ಕೆಟಿನಲ್ಲಿ ಪೆಟ್ಟಿಗೆ ಎತ್ತಿದರೆ ಹತ್ತಿಪ್ಪತ್ತು ರೂಪಾಯಿ ಕೊಡುವವರು. ಅದನ್ನೆಲ್ಲ ಬಿಟ್ಟು ಬಂದರೆ ಮನೆ ಜೈಲಿನ ಹಾಗೆ ಕಾಣುತ್ತದೆ.

ಹಾಗಾಗಿ ಪೇಟೆಯಿಂದ ನಡೆದು ಹೋಗುವ ದೂರದಲ್ಲಿ ನೋಡಿ. ನಮ್ಮ ಕಡೆ ಕ್ವಾರ್ಟರ್ಸ್ ಅಂತೀವಲ್ಲ, ಸಾಲಾಗಿ ಕಟ್ಟಿದ ಬಾಡಿಗೆ ಮನೆಗಳು, ಅದೇ ಒಳ್ಳೆಯದು. ಒಬ್ಬೊಬ್ಬರಿಗೆ ಒಂದು ಕೋಣೆ ಸಿಕ್ಕಿದರೆ ಅದಕ್ಕಿಂತ ಸುಖ ಇಲ್ಲ. ಆಗದಿದ್ದರೆ ಒಂದು ಕೋಣೆಗೆ ಇಬ್ಬರು, ಅದಕ್ಕಿಂತ ಜಾಸ್ತಿ ಬೇಡ. ಪ್ರತಿಯೊಬ್ಬರಿಗೂ ಬೀಗ ಹಾಕುವ ಒಂದು ಪೆಟ್ಟಿಗೆ ಬೇಕೇ ಬೇಕು. ಕಕ್ಕಸು ಮನೆಯ ಒಳಗೋ ಹತ್ತಿರವೋ ಇರಲಿ, ನೆಲ ಜಾರದ ಹಾಗಿರಲಿ, ಹಿಡಿದುಕೊಳ್ಳಲು ಗೋಡೆಗೆ ಒಂದು ಕಬ್ಬಿಣದ ಪೈಪು ಹಾಕಿಸಿ. ಜಗಲಿ ಇರುವ ಮನೆ ಸಿಕ್ಕಿದರೆ ಎರಡು ಸಾವಿರ ಬಾಡಿಗೆ ಹೆಚ್ಚಾದರೂ ಅದನ್ನೇ ಹಿಡಿಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮನೆ ಮಾಲೀಕರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ನಾವು ಹೋಗಿ ಪೂರ್ತಿ ಕಥೆ ಹೇಳಿದಾಗ ನಮ್ಮ ಮಾಲೀಕರಾದ ಹಾಜಿಯವರು ಸುಮ್ಮನೆ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದರು. "ಬಾಡಿಗೆ ಯಾರು ಕೊಡೋದು? ಗಲಾಟೆ ಆದರೆ ರಾತ್ರಿ ನಾನು ಯಾರಿಗೆ ಫೋನ್ ಮಾಡೋದು?" ಎರಡಕ್ಕೂ ಒಬ್ಬನ ಹೆಸರು, ಒಂದು ನಂಬರ್ ಬರೆದುಕೊಟ್ಟೆವು. ಆ ಚೀಟಿ ಇವತ್ತಿಗೂ ಅವರ ಪರ್ಸಿನಲ್ಲಿದೆ. ಬಾಡಿಗೆ ಚೀಟು 11 ತಿಂಗಳಿಗೆ ಮಾಡಿಸಿ, ಎಷ್ಟು ಮಂದಿ ಇರುತ್ತಾರೆ ಅಂತ ಅದರಲ್ಲೇ ಬರೆಸಿ. ಎಪ್ರಿಲಿನಲ್ಲೇ ಮನೆ ಹಿಡಿದರೆ ಜೂನ್ ಮಳೆಗೆ ಮೊದಲು ಹೆಂಚು, ಗಟಾರ, ಕರೆಂಟು ನೋಡಿಕೊಳ್ಳಲು ಸಮಯ ಸಿಗುತ್ತದೆ.

ಜನರನ್ನು ಕರೆಯುವುದು

ಎತ್ತಿಕೊಂಡು ಬರುವ ಕೆಲಸ ಅಲ್ಲ ಇದು. ವ್ಯಾನ್ ತಂದು, ಕೂದಲು ಕತ್ತರಿಸಿ, ಸ್ನಾನ ಮಾಡಿಸಿ, ಮೊದಲು ಹೀಗಿದ್ದರು ಈಗ ಹೀಗಿದ್ದಾರೆ ಅಂತ ವಿಡಿಯೋ ಹಾಕುವವರನ್ನು ನೋಡಿರುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅವರ ಮಕ್ಕಳು ಎಲ್ಲೋ ಇರುತ್ತಾರೆ, ಆ ವಿಡಿಯೋ ಅವರಿಗೂ ತಲುಪುತ್ತದೆ.

ಎರಡು ಮೂರು ವಾರ ದಿನಾ ಒಂದೇ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಕೈಯಲ್ಲಿ ಚಾ ಇರಲಿ. ನಿಂತು ಮಾತಾಡಬೇಡಿ, ನೆಲದ ಮೇಲೇ ಕೂತು ಮಾತಾಡಿ. ಅಣ್ಣ, ಅಕ್ಕ, ಅಜ್ಜ ಅಂತ ಕರೆಯಿರಿ. ಯಾರೊಬ್ಬರನ್ನೂ ಹುಚ್ಚ, ಭಿಕ್ಷುಕ ಅಂತ ಕರೆಯಬೇಡಿ, ಅವರ ಬೆನ್ನ ಹಿಂದೆಯೂ. ಮಾತೇ ಆಡದವರು ಇರುತ್ತಾರೆ. ಮಾತು ಬರುವುದಿಲ್ಲ ಅಂತ ತೀರ್ಮಾನ ಮಾಡಿಬಿಡಬೇಡಿ, ಭಾಷೆ ಬೇರೆ ಇರಬಹುದು. ಒಬ್ಬರ ಮುಂದೆ ನಾನು ನೀರಿನ ಬಾಟಲಿ ಹಿಡಿದು ನೀರು ಅಂದೆ, ವೆಳ್ಳಂ ಅಂದೆ, ಪಾನಿ ಅಂದೆ, ತಣ್ಣಿ ಅಂದೆ. ಅವರು ರಸ್ತೆ ಕಡೆ ನೋಡುತ್ತಲೇ ಇದ್ದರು. ನೀಳ್ಳು ಅಂದ ಕೂಡಲೇ ಕತ್ತು ತಿರುಗಿಸಿದರು. ಆರು ವರ್ಷದಿಂದ ಮೂಗ ಅಂತ ಊರು ನಂಬಿದ್ದ ಮನುಷ್ಯ ತೆಲುಗಿನವರು. ಏಳು ಭಾಷೆಯ ನಾಡು ಅಂತ ನಾವು ಭಾಷಣದಲ್ಲಿ ಹೇಳಿಕೊಳ್ಳುವುದು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಒಡಿಯಾ, ಬಂಗಾಳಿ ಬೇಕಾದರೆ ಹೋಟೆಲ್ ಕೆಲಸದ ಹುಡುಗರನ್ನು ಕೇಳಿ, ಸಂತೋಷದಿಂದ ಬರುತ್ತಾರೆ.

ಯಾರಿಗೆ ಮೊದಲು ಕೊಡಬೇಕು? ಒಳ್ಳೆಯವರಿಗೆ, ಮಾತು ಕೇಳುವವರಿಗೆ ಅಂತ ಮನಸ್ಸು ಹೇಳುತ್ತದೆ. ಅದನ್ನು ಕೇಳಬೇಡಿ. ಒಂದು ವರ್ಷಕ್ಕಿಂತ ಜಾಸ್ತಿ ಬೀದಿಯಲ್ಲಿದ್ದವರು, ಜೊತೆಗೆ ಕಾಯಿಲೆಯೋ ಮಾನಸಿಕ ತೊಂದರೆಯೋ ಕುಡಿತವೋ ಇರುವವರು, ಅವರಿಗೇ ಮೊದಲು. ಈ ಮಳೆಗಾಲ ದಾಟುವುದು ಯಾರಿಗೆ ಕಷ್ಟ ಅಂತ ಕೇಳಿಕೊಳ್ಳಿ, ಉತ್ತರ ಸಿಗುತ್ತದೆ. ಹೆಂಗಸರಾದರೆ ಕಾಯಲೇಬೇಡಿ, ರಾತ್ರಿ ಅವರು ನಿದ್ದೆ ಮಾಡುವುದೇ ಇಲ್ಲ. ಅವರ ಮನೆ ಬೇರೆಯೇ ಇರಬೇಕು, ಒಳಗಿನಿಂದ ಚಿಲಕ ಗಟ್ಟಿಯಾಗಿರಬೇಕು, ನೋಡಿಕೊಳ್ಳುವವರೂ ಹೆಂಗಸರೇ ಆಗಿರಬೇಕು.

ಮೊದಲ ರಾತ್ರಿ

ಸ್ನಾನ ಶರತ್ತಲ್ಲ. ಬಿಸಿನೀರು ಕಾಯಿಸಿಟ್ಟಿದೆ, ಸೋಪು ಇಲ್ಲಿದೆ, ಒಗೆದ ಲುಂಗಿ ಇಲ್ಲಿದೆ ಅಂತ ಹೇಳಿ ಸುಮ್ನೆ ಬಿಡಿ. ನಮ್ಮಲ್ಲಿ ಒಬ್ಬರು ಹದಿನೈದನೇ ದಿನಕ್ಕೆ ಸ್ನಾನ ಮಾಡಿದರು. ಗಂಟುಮೂಟೆಗೆ ಕೈ ಹಾಕಬೇಡಿ. ನಿಮಗೆ ಕಸ, ಅವರಿಗೆ ಅದೇ ಆಸ್ತಿ. ಒಂದು ಹಳೆ ಚೀಲದೊಳಗೆ ಹತ್ತಾರು ಬಸ್ ಟಿಕೆಟು, ಒಂದು ಮಗುವಿನ ಬಳೆ, ಒಣಗಿದ ವೀಳ್ಯದೆಲೆ ಇತ್ತು. ಅದನ್ನು ಎಸೆಯಲು ಹೋಗಿದ್ದರೆ ಆ ಅಕ್ಕ ಅವತ್ತೇ ಎದ್ದು ಹೋಗುತ್ತಿದ್ದರು.

ಊಟ ಸ್ವಲ್ಪ ಸ್ವಲ್ಪ ಕೊಡಿ. ಬಹಳ ದಿನ ಹಸಿದಿದ್ದ ಹೊಟ್ಟೆಗೆ ಒಮ್ಮೆಲೇ ಬಿರಿಯಾನಿ ಹಾಕಿದರೆ ವಾಂತಿ ಮಾತ್ರ ಅಲ್ಲ, ರಕ್ತದಲ್ಲಿನ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಅಪಾಯ ಆಗಬಹುದು. ಕುಚ್ಚಲಕ್ಕಿ ಗಂಜಿ, ಉಪ್ಪು, ಸ್ವಲ್ಪ ಹೆಸರುಕಾಳಿನ ಪಲ್ಯ, ದಿನಕ್ಕೆ ನಾಲ್ಕೈದು ಸಲ. ಪೂರಾ ಬಡಕಲಾಗಿದ್ದರೆ ಮೊದಲೇ ಡಾಕ್ಟರಿಗೆ ತೋರಿಸಿ.

ಇನ್ನು ಜಗಲಿಯ ಮಾತು. ಕುಂಬಳೆಯ ಅಜ್ಜ ಬಂದ ದಿನ ಮಂಚ, ಹಾಸಿಗೆ, ಹೊಸ ಬೆಡ್‌ಶೀಟ್ ಎಲ್ಲ ಸಿದ್ಧ ಇತ್ತು. ಅವರು ಕೋಣೆ ನೋಡಿದರು, ಹೊರಗೆ ಬಂದು ಜಗಲಿಯ ಮೂಲೆಯಲ್ಲಿ ಗೋಣಿ ಹಾಸಿದರು, ಚಪ್ಪಲಿಯನ್ನು ತಲೆಯ ಕೆಳಗಿಟ್ಟುಕೊಂಡು ಮಲಗಿದರು. ಚಪ್ಪಲಿ ಕಳವಾಗದ ಹಾಗೆ ಬೀದಿಯಲ್ಲಿ ಹಾಗೇ ಮಲಗುವುದು. ಹನ್ನೊಂದು ರಾತ್ರಿ ಜಗಲಿಯಲ್ಲೇ ಕಳೆದರು. ನಾವು ಒಳಗೆ ಮಲಗಿ ಅಂತ ಒಂದು ಸಲವೂ ಹೇಳಲಿಲ್ಲ. ಕೋಣೆಯ ಬೀಗದ ಕೈಯನ್ನು ಮಾತ್ರ ಮೊದಲ ದಿನವೇ ಕೊಟ್ಟಿದ್ದೆವು. ಅದನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ದಿನಾ ಬೆಳಿಗ್ಗೆ ಬೀಗ ತೆಗೆದು, ಒಳಗೆ ನೋಡಿ, ಮತ್ತೆ ಬೀಗ ಹಾಕುತ್ತಿದ್ದರು. ಹನ್ನೆರಡನೇ ದಿನ ಬೆಳಿಗ್ಗೆ ನೋಡಿದರೆ ಜಗಲಿ ಖಾಲಿ. ನಾವು ಗಾಬರಿಯಾಗಿ ಪೇಟೆಗೆ ಓಡುವುದರಲ್ಲಿದ್ದೆವು. ಒಳಗಿನಿಂದ ಗೊರಕೆ ಕೇಳಿಸಿತು.

ನಿಯಮಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು

ನಮ್ಮಲ್ಲಿ ನಾಲ್ಕೇ ಇದೆ. ಕೈ ಮಾಡುವಂತಿಲ್ಲ. ಇನ್ನೊಬ್ಬರ ಕೋಣೆಗೆ ಕೇಳದೆ ಹೋಗುವಂತಿಲ್ಲ. ಒಳಗೆ ಬೆಂಕಿ ಇಲ್ಲ, ಬೀಡಿ ಜಗಲಿಯಲ್ಲಿ. ಮನೆಯಲ್ಲಿ ಯಾವುದನ್ನೂ ಮಾರುವಂತಿಲ್ಲ. ಪ್ರಾರ್ಥನೆಗೆ ಬರಬೇಕು, ಆರು ಗಂಟೆಗೆ ಏಳಬೇಕು, ಒಂಬತ್ತರ ಮೇಲೆ ಗೇಟು ಹಾಕುತ್ತೇವೆ ಅಂತೆಲ್ಲ ಇಲ್ಲ. ಭಜನೆಗೆ ಹೋಗುವವರು ಹೋಗುತ್ತಾರೆ, ಶುಕ್ರವಾರ ಮಸೀದಿಗೆ ಹೋಗುವವರು ಹೋಗುತ್ತಾರೆ, ಎಲ್ಲಿಗೂ ಹೋಗದವರು ಜಗಲಿಯಲ್ಲಿ ಕೂರುತ್ತಾರೆ.

ಕುಡಿತದ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಮನೆಯೊಳಗೆ ಬಂದರು ಅಂತ ಅವತ್ತೇ ಬಾಟಲಿ ಕಿತ್ತುಕೊಳ್ಳಬೇಡಿ. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಯಲ್ಲಿ ಕೈ ನಡುಗಲು ಶುರುವಾಗುತ್ತದೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಬೆವರು, ಜ್ವರ, ಇಲ್ಲದ್ದು ಕಾಣಿಸುವುದು, ದಿಕ್ಕು ತಪ್ಪಿದ ಹಾಗೆ ಮಾತಾಡುವುದು ಶುರುವಾದರೆ ಅದು ಜೀವಕ್ಕೇ ಅಪಾಯ. ಇಂಥದ್ದು ಕಂಡರೆ ಮನೆಯಲ್ಲಿ ನಿಂಬೆರಸ ಕೊಟ್ಟು ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ, ಕುಡಿತ ನಿಲ್ಲಿಸಿ ಎಷ್ಟು ಹೊತ್ತಾಯಿತು ಅಂತ ಡಾಕ್ಟರಿಗೆ ಹೇಳಿ. ಬಿ1 ವಿಟಮಿನ್ ಅವರಿಗೆ ಬೇಕಾಗುತ್ತದೆ, ಅದನ್ನೂ ಕೇಳಿ. ಬಿಡಬೇಕು ಅಂತ ಅವರಿಗೇ ಅನಿಸಿದ ದಿನ ಕರೆದುಕೊಂಡು ಹೋಗಲು ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಚಿಕಿತ್ಸಾ ಕೇಂದ್ರ ಜಿಲ್ಲೆಯಲ್ಲೇ ಇದೆ. ಆ ದಿನ ಬರುವ ತನಕ, ಕುಡಿದರೂ ಊಟ ಮಾಡಿ ಕುಡಿಯಲಿ, ಮನೆಗೆ ಬಂದು ಮಲಗಲಿ. ಒಂದು ಎಚ್ಚರಿಕೆ ಮಾತ್ರ ಗಡಿನಾಡಿನವರಿಗೆ ಬೇಕು. ತಲಪಾಡಿ ಆಚೆಯಿಂದ ತಂದ ಕರ್ನಾಟಕದ ಮದ್ಯದ ಪ್ಯಾಕೆಟು ಮನೆಯಲ್ಲಿ ಇರಲೇಬಾರದು, ಇಲ್ಲಿ ಅದು ಅಬಕಾರಿ ಕೇಸು. ಇದನ್ನು ಅವರಿಗೂ ಬಿಡಿಸಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ.

ನಿಯಮ ಮುರಿದರೆ ಏನು ಮಾಡುವುದು? ಬೀದಿಗೆ ಹಾಕುವುದು ನಮ್ಮಲ್ಲಿ ಶಿಕ್ಷೆಯೇ ಅಲ್ಲ. ಇಬ್ಬರಿಗೆ ಹೊಡೆದಾಟ ಆದಾಗ ಒಬ್ಬರನ್ನು ಒಂದು ವಾರ ಗೆಳೆಯನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟೆವು, ಆಮೇಲೆ ಕೋಣೆ ಬದಲಾಯಿಸಿದೆವು. ಜಾಗ ಬದಲಾಗಬಹುದು. ಮನೆಯೇ ಇಲ್ಲ ಅಂತ ಆಗಬಾರದು.

ಕಾಗದಪತ್ರ

ಇದಕ್ಕೆ ಅವಸರ ಬೇಡ, ಆದರೆ ಬಿಡಲೂ ಬೇಡಿ. ರೇಷನ್, ಪಿಂಚಣಿ, ಆಸ್ಪತ್ರೆ ಕಾರ್ಡು ಎಲ್ಲದಕ್ಕೂ ಆಧಾರ್ ಬೇಕು. ಯಾವ ದಾಖಲೆಯೂ ಇಲ್ಲದವರಿಗೆ ವಿಳಾಸಕ್ಕೆ ಪಂಚಾಯತು ಅಧ್ಯಕ್ಷರು, ಇಲ್ಲವೇ ಗೆಜೆಟೆಡ್ ಅಧಿಕಾರಿ ನಿಗದಿತ ನಮೂನೆಯಲ್ಲಿ ಸರ್ಟಿಫಿಕೇಟ್ ಕೊಡಬಹುದು. ಮೊದಲು ವಾರ್ಡ್ ಮೆಂಬರನ್ನು ಮನೆಗೆ ಕರೆದು ಚಾ ಕೊಟ್ಟು ಎಲ್ಲರನ್ನೂ ಪರಿಚಯ ಮಾಡಿಸಿ, ಆಮೇಲೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ. ಬೆರಳಚ್ಚು ಕೊಟ್ಟ ಮೇಲೆ ಅರ್ಜಿ ತಿರಸ್ಕಾರ ಆದರೆ ಬೇಸರ ಬೇಡ. ಮೊದಲೇ ಎಲ್ಲೋ ಆಧಾರ್ ಮಾಡಿಸಿದ್ದಾರೆ ಅಂತ ಅದರ ಅರ್ಥ ಇರಬಹುದು. ಆ ಹಳೆಯ ಆಧಾರ್ ಹಿಡಿದು ಊರು, ಮನೆಯವರು ಪತ್ತೆಯಾದದ್ದು ದೇಶದಲ್ಲಿ ಎಷ್ಟೋ ಆಗಿದೆ.

ಆದರೆ ಮನೆಯವರು ಸಿಕ್ಕಿದರು ಅಂತ ಕೂಡಲೇ ಫೋನ್ ಮಾಡಬೇಡಿ. ಮೊದಲು ನಿಮ್ಮಲ್ಲಿರುವವರನ್ನೇ ಕೇಳಿ. ಮನೆಯಿಂದಲೇ ತಪ್ಪಿಸಿಕೊಂಡು ಬಂದವರು ಇರುತ್ತಾರೆ, ಹೆಂಗಸರಲ್ಲಿ ಜಾಸ್ತಿ.

ಫಾರಂ ಮಲಯಾಳದಲ್ಲಿದೆ ಅಂತ ಹಿಂಜರಿಯಬೇಡಿ. ನಮ್ಮ ಕಡೆಯ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ನಾವು ಎಲ್ಲ ಪತ್ರಗಳನ್ನೂ ಕನ್ನಡದಲ್ಲಿ ಬರೆದು, ಜೊತೆಗೆ ಒಂದು ಮಲಯಾಳ ಪ್ರತಿ ಇಡುತ್ತೇವೆ. ಹಕ್ಕೂ ಉಳಿಯುತ್ತದೆ, ಕೆಲಸವೂ ಬೇಗ ಆಗುತ್ತದೆ.

ಕಾನೂನು, ಪೊಲೀಸು

ಶುರು ಮಾಡುವ ಮೊದಲೇ ಮೂರು ಕಡೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ: ಪಂಚಾಯತು, ಪೊಲೀಸ್ ಠಾಣೆ, ವಿದ್ಯಾನಗರದ ಸಿವಿಲ್ ಸ್ಟೇಶನ್ನಿನಲ್ಲಿರುವ ಜಿಲ್ಲಾ ಸಾಮಾಜಿಕ ನ್ಯಾಯ ಕಚೇರಿ. ಸಂಸ್ಥೆಯಾಗಿ ಆಶ್ರಯ ಕೇಂದ್ರ ನಡೆಸುವುದಾದರೆ ನೋಂದಣಿ ಬೇಕು, ಮಾನಸಿಕ ಚಿಕಿತ್ಸೆಗಾಗಿ ಜನರನ್ನು ಇರಿಸಿಕೊಳ್ಳುವ ಜಾಗವಾದರೆ ಅದಕ್ಕೆ ಬೇರೆಯೇ ನೋಂದಣಿ. ನಿಮ್ಮದು ಯಾವ ಲೆಕ್ಕಕ್ಕೆ ಬರುತ್ತದೆ ಅಂತ ಆ ಕಚೇರಿಯಲ್ಲೇ ಕೂತು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಒಂದು ಪ್ರತಿ ಕಿಸೆಯಲ್ಲಿರಲಿ. ಅಲೆದಾಡುವ ಮಾನಸಿಕ ಅಸ್ವಸ್ಥರಿಗೆ ರಕ್ಷಣೆ ಕೊಡುವುದು ಪೊಲೀಸರ ಕರ್ತವ್ಯ. ಹಾಗೆ ಕರೆದುಕೊಂಡವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಬೇಕು. ಮನೆಯಿಲ್ಲದವರಾದರೆ ಕಾಣೆಯಾದವರ ಕೇಸು ದಾಖಲಿಸಿ ಮನೆಯವರನ್ನು ಹುಡುಕಬೇಕು. ಅದೇ ಕಾಯ್ದೆಯ 19ನೇ ಸೆಕ್ಷನ್, ಮಾನಸಿಕ ಕಾಯಿಲೆ ಇರುವವರಿಗೆ ಎಲ್ಲರ ಹಾಗೆ ಸಮಾಜದ ನಡುವೆ ಬದುಕುವ ಹಕ್ಕಿದೆ ಅನ್ನುತ್ತದೆ. ನಾಲ್ಕು ಮಂದಿಯ ಬಾಡಿಗೆ ಮನೆ ಅಂದರೆ ಆ ಸೆಕ್ಷನ್ನೇ.

ಆರೋಗ್ಯಕ್ಕೆ ಇರುವ ವ್ಯವಸ್ಥೆಯನ್ನೇ ಬಳಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲೂಕು ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ಕ್ಲಿನಿಕ್ ನಡೆಸುತ್ತದೆ, ದಿನ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಿನಾ ಮಾತ್ರೆ ನುಂಗಲು ಆಗದವರಿಗೆ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಡಾಕ್ಟರ್ ಹತ್ತಿರ ಕೇಳಿ ನೋಡಿ. ಮಾತ್ರೆ ಬೇಡ ಅಂದವರ ಬಾಯಿಗೆ ಒತ್ತಿ ಹಾಕಬೇಡಿ, ಅನ್ನದಲ್ಲಿ ಕಲಸಿ ಕೊಡುವುದಂತೂ ಬೇಡವೇ ಬೇಡ, ಒಮ್ಮೆ ಗೊತ್ತಾದರೆ ಅನ್ನದ ಮೇಲೂ ನಂಬಿಕೆ ಹೋಗುತ್ತದೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬಂದು ಹುಣ್ಣು ಕಟ್ಟಿ ಹೋಗುತ್ತಾರೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಕಜ್ಜಿ ಬಂದರೆ ಮನೆಯವರೆಲ್ಲರೂ ಒಂದೇ ದಿನ ಔಷಧಿ ಹಚ್ಚಬೇಕು, ಬಟ್ಟೆಯೆಲ್ಲ ಬಿಸಿನೀರಿನಲ್ಲಿ ಒಗೆಯಬೇಕು, ನೋಡಿಕೊಳ್ಳುವ ನೀವೂ ಸೇರಿ. ನಡುರಾತ್ರಿ ಏನು ಮಾಡುವುದು ಅಂತ ಗೊತ್ತಾಗದಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ.

ನೆರೆಕರೆ

ಮನೆಗೆ ಬೋರ್ಡ್ ಹಾಕಬೇಡಿ. ಅದು ಮನೆ, ಆಶ್ರಮ ಅಲ್ಲ. ಆದರೆ ಪಕ್ಕದವರಿಗೆ ಮೊದಲೇ ಹೋಗಿ ಹೇಳಿ. ನಮಗೆ ಮೊದಲು ಬಂದ ದೂರು ಕುಡಿತದ್ದಲ್ಲ, ಬಾವಿಯದ್ದು. ಎಲ್ಲರೂ ನೀರು ಸೇದುವ ಬಾವಿಕಟ್ಟೆಯಲ್ಲಿ ಒಬ್ಬರು ಸ್ನಾನಕ್ಕೆ ಕೂತುಬಿಟ್ಟಿದ್ದರು. ಪಕ್ಕದ ಮನೆಯ ಅಕ್ಕ ಬಂದು "ಇದು ಆಗೂದಿಲ್ಲ" ಅಂದರು. ಅವರು ಹೇಳಿದ್ದು ಸರಿಯೇ. ಅದೇ ವಾರ ಬಚ್ಚಲಿಗೆ ಪೈಪು ಎಳೆಸಿ ನಲ್ಲಿ ಹಾಕಿಸಿದೆವು. ಜನರ ದೂರುಗಳು ಹೆಚ್ಚಾಗಿ ಇಂಥ ನಲ್ಲಿ, ಕಸ, ಗಲಾಟೆಯವೇ. ಬೇಗ ಸರಿ ಮಾಡಿದರೆ ಅಲ್ಲಿಗೇ ಮುಗಿಯುತ್ತದೆ, ತಡ ಮಾಡಿದರೆ ಅದೇ ಊರ ವಿರೋಧ ಆಗುತ್ತದೆ. ಆ ಅಕ್ಕನೇ ಈಗ ಹಲಸಿನಕಾಯಿ ಕೊಯ್ದಾಗ ಒಂದು ಪಾಲು ಕಳಿಸುತ್ತಾರೆ.

ದುಡ್ಡು, ಕೆಲಸದವರು

ಹುಟ್ಟುಹಬ್ಬಕ್ಕೆ ಬಿರಿಯಾನಿ ಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಕರೆಂಟು ಬಿಲ್ಲು ಕಟ್ಟುವವರು ಸಿಗುವುದಿಲ್ಲ. ಹಾಗಾಗಿ ಕೇಳುವಾಗಲೇ ಬಿಡಿಸಿ ಕೇಳಿ. ನೀವು ಪ್ರತಿ ತಿಂಗಳು ಗ್ಯಾಸಿನದ್ದು ನೋಡಿಕೊಳ್ಳಿ, ನೀವು ಅಕ್ಕಿಯದ್ದು, ನೀವು ಕರೆಂಟಿನದ್ದು. ಕೈಯಲ್ಲಿ ಮೂರು ತಿಂಗಳ ಬಾಡಿಗೆ ಇಲ್ಲದೆ ಯಾರನ್ನೂ ಕರೆತರಬೇಡಿ. ಮನೆ ಕೊಟ್ಟು ಮತ್ತೆ ಕಿತ್ತುಕೊಳ್ಳುವಂತಾದರೆ ಅದಕ್ಕಿಂತ ಕೊಡದಿರುವುದೇ ಮೇಲು. ನ್ಯೂಯಾರ್ಕಿನ ಕ್ರಮದಲ್ಲಿ ಇರುವವರೂ ತಮ್ಮ ಆದಾಯದ ನೂರಕ್ಕೆ 30ರಷ್ಟು ಬಾಡಿಗೆಗೆ ಕೊಡುತ್ತಿದ್ದರು. ನಮ್ಮಲ್ಲಿ ಪಿಂಚಣಿ ಬರುವ ಇಬ್ಬರು ತಿಂಗಳಿಗೆ ಇನ್ನೂರು ಕೊಡುತ್ತಾರೆ, ರಸೀದಿ ಕೇಳಿ ತೆಗೆದುಕೊಳ್ಳುತ್ತಾರೆ. ಆ ರಸೀದಿಯನ್ನು ಅವರು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದನ್ನು ನೋಡಬೇಕು.

ಸ್ವಯಂಸೇವಕರನ್ನೇ ನಂಬಿ ನಡೆಸಲು ಆಗುವುದಿಲ್ಲ. ಎರಡು ತಿಂಗಳಿಗೆ ಎಲ್ಲರಿಗೂ ಮದುವೆ, ಪರೀಕ್ಷೆ, ಗಲ್ಫ್ ಟಿಕೆಟು ಬರುತ್ತದೆ. ಒಂದು ಮನೆಗೆ ಸಂಬಳದ ಒಬ್ಬರು ಬೇಕು. ನಮ್ಮಲ್ಲಿ ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಸಂಘದ ಇಬ್ಬರು ಅಕ್ಕಂದಿರು ಇದ್ದಾರೆ. ಓದಿದ್ದು ಕಡಿಮೆ, ಆದರೆ ಜಗಳ ಬಿಡಿಸುವುದು, ಹಟ ಹಿಡಿದವರನ್ನು ಊಟಕ್ಕೆ ಕೂರಿಸುವುದು ನಮಗಿಂತ ಚೆನ್ನಾಗಿ ಗೊತ್ತು. ರಾತ್ರಿಗೆ ಒಂದು ಫೋನ್ ನಂಬರ್ ಯಾವಾಗಲೂ ಹತ್ತಿರದಲ್ಲಿರುವವರದ್ದೇ ಇರಲಿ.

ಇನ್ನೊಂದು ವಿಷಯ, ಯಾರೂ ಮೊದಲೇ ಹೇಳುವುದಿಲ್ಲ. ಬೀದಿ ಅವರ ಆಯುಸ್ಸನ್ನು ಆಗಲೇ ತಿಂದಿರುತ್ತದೆ, ಹಾಗಾಗಿ ಸಾವು ಬರುತ್ತದೆ. ಸುಡಬೇಕಾ ಹೂಳಬೇಕಾ, ಯಾರಿಗೆ ತಿಳಿಸಬೇಕು ಅಂತ ಆರೋಗ್ಯವಾಗಿರುವಾಗಲೇ ಮೆತ್ತಗೆ ಕೇಳಿ ಬರೆದಿಡಿ. ಹೆಂಗಸರ ಮನೆಯ ಒಬ್ಬರು ಕಳೆದ ವರ್ಷ ತೀರಿಕೊಂಡರು. ಗಂಗಾಜಲ ಬೇಡ, ಒಂದು ಲೋಟ ಚಾ ಬಾಯಿಗೆ ಬಿಡಿ ಅಂದಿದ್ದರು. ಹಾಗೇ ಮಾಡಿದೆವು.

ಹೋದವರು, ಬಂದವರು

ಎದ್ದು ಹೋಗುತ್ತಾರೆ. ಒಂದು ಸಲ ಅಲ್ಲ, ಮೂರು ನಾಲ್ಕು ಸಲ. ಸೋತೆವು ಅಂದುಕೊಳ್ಳಬೇಡಿ. ಕೋಣೆಯನ್ನು ಬೇರೆಯವರಿಗೆ ಕೊಡುವ ಮೊದಲು ಕನಿಷ್ಠ ಒಂದು ತಿಂಗಳು ಕಾಯಿರಿ, ಈ ಒಂದು ತಿಂಗಳು ಪೇಟೆ, ರೈಲ್ವೆ ಸ್ಟೇಶನ್, ಆಸ್ಪತ್ರೆ ಎಲ್ಲ ಕಡೆ ಹುಡುಕುತ್ತಿರಿ, ಸಿಕ್ಕಿದರೆ ಯಾಕೆ ಹೋದಿರಿ ಅಂತ ಕೇಳಬೇಡಿ, ಊಟ ಆಯಿತಾ ಅಂತ ಕೇಳಿ. ನಮ್ಮ ತೆಲುಗಿನ ಅಣ್ಣ ಮೂರು ಸಲ ಹೋಗಿದ್ದಾರೆ. ಮೂರನೇ ಸಲ ಇಪ್ಪತ್ತಮೂರು ದಿನ ಆಗಿತ್ತು. ಒಂದು ರಾತ್ರಿ ಹನ್ನೊಂದೂವರೆಗೆ ಹೊರಗೆ ಯಾರೋ ಬೀಗ ತಡಕುವ ಸದ್ದಾಯಿತು. ನೋಡಿದರೆ ಅವರೇ, ಒದ್ದೆಮುದ್ದೆಯಾಗಿ ನಿಂತು ತಮ್ಮ ಕೋಣೆಯ ಬೀಗಕ್ಕೆ ಬೀಗದ ಕೈ ಹಾಕಿ ತಿರುಗಿಸುತ್ತಿದ್ದರು.

ಅದಕ್ಕೇ ಹೇಳುವುದು, ಪ್ರತಿ ಬೀಗಕ್ಕೂ ಮೂರು ಕೈ ಮಾಡಿಸಿ. ಒಂದು ಅವರಿಗೆ, ಒಂದು ನಿಮ್ಮ ಹತ್ತಿರ, ಒಂದು ಅವರದ್ದು ಕಳೆದುಹೋದಾಗ ಕೊಡಲು. ಅವರು ಇಲ್ಲದಾಗ ಬೀಗ ಮಾತ್ರ ಬದಲಾಯಿಸಬೇಡಿ.